ದೊರೆಗಳ ಬೇಟೆಗಾಡುಗಳೂ ಯೂರೋಪಿನ ಕಾಡುಮೃಗಗಳೂ

ಯೂರೋಪು ಖಂಡದ ಚರಿತ್ರೆಯನ್ನು ಓದುವವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರದೆ ಇರದು. ಅಲ್ಲಿ ಅಳಿದುಹೋಗಬೇಕಾಗಿದ್ದ ಕೆಲವು ದೊಡ್ಡ ಮೃಗಗಳು ಉಳಿದುಕೊಂಡುದಕ್ಕೆ ಕಾರಣವನ್ನು ಹುಡುಕಿಕೊಂಡು ಹೋದರೆ, ಕೊನೆಗೆ ನಾವು ಒಬ್ಬ ದೊರೆಯ ಬಳಿಗೆ ಬಂದು ನಿಲ್ಲುತ್ತೇವೆ. ಆ ದೊರೆಗೆ ಪ್ರಾಣಿದಯೆ ಇದ್ದಿತೆಂದಲ್ಲ. ತಾನೇ ಕೊಲ್ಲಬೇಕೆಂಬ ಆಸೆಯಿಂದ ಅವನು ಆ ಮೃಗಗಳನ್ನು ಉಳಿದವರ ಕೈಯಿಂದ ಕಾಪಾಡಿದನು. ನಮ್ಮ ಬಂಡೀಪುರದ ಕಾಡು ಕೂಡ ಮೊದಲು ಮೈಸೂರು ಅರಸರ ಬೇಟೆಯ ಸ್ಥಳವಾಗಿದ್ದು ಆಮೇಲೆ ರಕ್ಷಿತವನವಾಯಿತೆಂಬುದನ್ನು ಬಲ್ಲವರಿಗೆ ಇದು ತೀರ ಹೊಸ ಮಾತಲ್ಲ. ಆದರೆ ದೊರೆಯ ಆಸೆಯೊಂದನ್ನೇ ನಂಬಿಕೊಂಡ ರಕ್ಷಣೆ ಎಷ್ಟು ಕಾಲ ನಿಲ್ಲುತ್ತದೆ? ದೊರೆತನ ಹೋದ ಮೇಲೆ ಆ ಮೃಗಗಳ ಗತಿಯೇನು? ಕಾಡಂಚಿನ ರೈತನಿಗೆ ಇದರಿಂದ ಒದಗಿದುದೇನು? ಈ ಪ್ರಶ್ನೆಗಳನ್ನು ಮೂರು ಮೃಗಗಳ ಕಥೆಯ ಮೂಲಕ ಇಂದು ವಿಚಾರಮಾಡೋಣ.

ಮೊದಲು ರೈತನ ಮಾತು. ‘ಫಾರೆಸ್ಟ್’ ಎಂಬ ಪದಕ್ಕೆ ನಾವು ಅರಣ್ಯವೆಂದು ಅರ್ಥ ಹೇಳುತ್ತೇವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆ ಮಾತಿನ ಅರ್ಥ ಬೇರೆ. ದೊರೆಯ ಬೇಟೆಯ ಕಾನೂನು ಎಷ್ಟು ದೂರ ನಡೆಯುವುದೋ ಅಷ್ಟೂ ‘ಫಾರೆಸ್ಟ್’. ಅದರೊಳಗೆ ಹೊಲಗದ್ದೆಗಳಿರಬಹುದು, ಹಳ್ಳಿಗಳಿರಬಹುದು, ಮರವೇ ಇಲ್ಲದ ಬಯಲೂ ಇರಬಹುದು. ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯು 1079ರ ಸುಮಾರಿನಲ್ಲಿ ‘ನ್ಯೂ ಫಾರೆಸ್ಟ್’ ಎಂಬ ಬೇಟೆಯ ಸೀಮೆಯನ್ನು ಏರ್ಪಡಿಸಿದನು. ಇಂಥ ಸೀಮೆಯಲ್ಲಿ ವಾಸಿಸುವ ಒಕ್ಕಲು ತನ್ನ ಪೈರನ್ನು ತಿನ್ನುತ್ತಿದ್ದ ಜಿಂಕೆಯನ್ನು ಹೊಡೆಯುವಂತಿರಲಿಲ್ಲ. ಅವನ ನಾಯಿ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗದಂತೆ ಅದರ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಿಬಿಡುತ್ತಿದ್ದರು. ದೊರೆಯ ಜಿಂಕೆಯನ್ನು ಕೊಂದ ಮನುಷ್ಯನಿಗೆ ಅಂಗಚ್ಛೇದ, ಕೆಲವು ಕಾಲ ಮರಣದಂಡನೆ. 1217ರಲ್ಲಿ, ಮೂರನೆಯ ಹೆನ್ರಿಯು ಬಾಲಕನಾಗಿದ್ದಾಗ, ಹೊರಟ ಅರಣ್ಯಶಾಸನವು ಜಿಂಕೆಯ ನಿಮಿತ್ತ ಇನ್ನು ಮುಂದೆ ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಕೂಡದೆಂದು ವಿಧಿಸಿತು. ಮ್ಯಾಗ್ನಾ ಕಾರ್ಟಾದ ಹೆಸರು ಎಲ್ಲರಿಗೂ ಗೊತ್ತು. ಬಡವನ ಸೌದೆ ಮೇವುಗಳ ಮಾತನ್ನಾಡಿದ ಈ ಶಾಸನದ ಹೆಸರು ಬಲ್ಲವರು ಕಡಮೆ. ನನ್ನ ಮಟ್ಟಿಗೆ ಹೇಳುವುದಾದರೆ, ಸಾಮಾನ್ಯ ಜನರಿಗೆ ಅಂದು ಹೆಚ್ಚು ಉಪಯೋಗವಾದದ್ದು ಎರಡನೆಯದೇ.

ಈಗ ಪೋಲೆಂಡಿಗೆ ಹೋಗೋಣ. ಅಲ್ಲಿಯ ಯಾಕ್ತೊರೂವ್ ಎಂಬ ಕಾಡಿನಲ್ಲಿ ‘ತೂರ್’ ಎಂಬ ಕಾಡುದನಗಳಿದ್ದುವು. ಇಂಗ್ಲಿಷಿನಲ್ಲಿ ಇದನ್ನು ಅರೋಕ್ಸ್ ಎನ್ನುತ್ತಾರೆ. ಲೋಕದ ಸಾಕುದನಗಳಿಗೆಲ್ಲ ಮೂಲಪುರುಷನಿದು. ಹಿಣಿಲುಳ್ಳ ನಮ್ಮ ಹಳ್ಳಿಕಾರ್ ಎತ್ತು ಕೂಡ ಈ ಜಾತಿಯ ಭಾರತೀಯ ಶಾಖೆಯಿಂದ ಬಂದದ್ದು. ಉಳಿದ ದೇಶಗಳಲ್ಲೆಲ್ಲ ಈ ಮೃಗವು ನಾಶವಾದ ಮೇಲೂ ಪೋಲೆಂಡಿನ ದೊರೆಗಳು ಇದನ್ನು ತಮ್ಮ ಸ್ವಂತ ಬೇಟೆಗೆಂದು ಮೀಸಲಿಟ್ಟಿದ್ದರು. ಸುತ್ತಲಿನ ಹಳ್ಳಿಯವರಿಗೆ ಕಂದಾಯದಲ್ಲಿ ವಿನಾಯಿತಿ ಕೊಟ್ಟು, ಅದಕ್ಕೆ ಪ್ರತಿಯಾಗಿ ದನಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿದ್ದರು. ಏರ್ಪಾಡೇನೋ ಚೆನ್ನಾಗಿಯೇ ಇದ್ದಿತು. ಆದರೆ ನೋಡಿ: 1564ರಲ್ಲಿ ಅರಮನೆಯ ಅಧಿಕಾರಿಗಳು ಬಂದು ಎಣಿಸಿದಾಗ ಇದ್ದವು 38. 1599ರಲ್ಲಿ 24. 1602ರಲ್ಲಿ ಕೇವಲ 4. 1620ರಲ್ಲಿ ಒಂದೇ ಒಂದು ಹಸು ಉಳಿದಿದ್ದಿತು. 1627ರಲ್ಲಿ ಅದೂ ಸತ್ತಿತು. ಬೇಟೆಯಿಂದ ಇವು ನಾಶವಾದುವೆಂದು ಹೇಳಲಾಗದು. ಹಳ್ಳಿಯವರ ದನಗಳೂ ಕುದುರೆಗಳೂ ಇವುಗಳ ಹುಲ್ಲುಗಾವಲನ್ನು ಮೇದುವು. ಸಾಕುದನಗಳ ರೋಗಗಳು ತಗುಲಿದುವೆಂದೂ ಊಹಿಸುತ್ತಾರೆ. ದೊರೆಯ ಅಪ್ಪಣೆಯ ಕಾಗದ ಇದ್ದೇ ಇದ್ದಿತು. ಅದು ಕಾಡಿನಲ್ಲಿ ನಡೆಯುತ್ತಿದೆಯೇ ಎಂದು ನೋಡುವ ಕಣ್ಣು ಮಾತ್ರ ಇರಲಿಲ್ಲ. ಕೊನೆಯ ಹೋರಿಯ ಕೊಂಬಿಗೆ ಲೋಹದ ಕಟ್ಟು ಹಾಕಿಸಿ ಅರಮನೆಯಲ್ಲಿ ಇಟ್ಟುಕೊಂಡಿದ್ದರು. ಅದು ಇಂದು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಆಯುಧಶಾಲೆಯಲ್ಲಿದೆ.

ಅದೇ ದೊರೆಗಳ ಇನ್ನೊಂದು ಬೇಟೆಗಾಡು ಬ್ಯಾಲೊವ್ಯೇಜ. ಇಲ್ಲಿದ್ದುದು ಯೂರೋಪಿನ ಬೈಸನ್. ನಮ್ಮ ಮಲೆನಾಡಿನ ಕಾಟಿಯನ್ನು ಆಂಗ್ಲ ಬೇಟೆಗಾರರು ‘ಬೈಸನ್’ ಎಂದು ತಪ್ಪಾಗಿ ಕರೆದು ಆ ಹೆಸರನ್ನು ಇಲ್ಲಿ ಬಳಕೆಗೆ ತಂದುಬಿಟ್ಟರು. ನಿಜವಾದ ಬೈಸನ್ ಕೂದಲು ತುಂಬಿದ, ಮುಂಭಾಗ ಎತ್ತರವಾದ ಬೇರೊಂದು ಮೃಗ. ಬ್ಯಾಲೊವ್ಯೇಜದಲ್ಲಿ 1752ರಲ್ಲಿ ಮೂರನೆಯ ಆಗಸ್ಟಸ್ ದೊರೆಯು ಒಂದೇ ದಿನದ ಬೇಟೆಯಲ್ಲಿ 42 ಬೈಸನ್ನುಗಳನ್ನು ಕೊಂದ ಸಂಗತಿಯನ್ನು ಕಲ್ಲಿನ ಕಂಬವೊಂದರ ಮೇಲೆ ಕೆತ್ತಿಸಿದ್ದಾರೆ. ಕಂಬವು ಇಂದಿಗೂ ನಿಂತಿದೆ. ಮೃಗಗಳನ್ನು ಆವರಣದೊಳಕ್ಕೆ ಸೋವಿ ತಂದು, ಎತ್ತರದ ಮಂಟಪದಲ್ಲಿ ಕುಳಿತ ರಾಜದಂಪತಿಗಳ ಎದುರಿಗೆ ಹಾಯಿಸುವುದು ಅಂದಿನ ಪದ್ಧತಿ. ಇದನ್ನು ಬೇಟೆ ಎನ್ನಬೇಕೆ ಎಂಬುದನ್ನು ಕೇಳುವವರೇ ತೀರ್ಮಾನಿಸಲಿ.

1795ರಲ್ಲಿ ಪೋಲೆಂಡು ಹರಿದು ಹಂಚಿಹೋದಾಗ ಈ ಕಾಡು ರಷ್ಯದ ಪಾಲಿಗೆ ಬಂದಿತು. ಝಾರ್ ದೊರೆಗಳೂ ಬೈಸನ್ನುಗಳನ್ನು ತಮ್ಮ ಸ್ವತ್ತೆಂದು ಕಾಪಾಡಿದರು. ಚಳಿಗಾಲದಲ್ಲಿ ಹುಲ್ಲು ಹಾಕಿಸಿದರು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಕಾಡಿನಲ್ಲಿ ಸುಮಾರು 700 ಬೈಸನ್ನುಗಳಿದ್ದುವು. ಮಾರನೆಯ ವರ್ಷ ಜರ್ಮನ್ ಸೈನ್ಯವು ಬಂದಿತು. ಮಾಂಸಕ್ಕಾಗಿ ಕೊಂದರು, ಕೊಂಬಿಗಾಗಿ ಕೊಂದರು. ಜರ್ಮನ್ ಅಧಿಕಾರಿಗಳು ಆಮೇಲೆ ಕೊಲ್ಲಕೂಡದೆಂದು ಆಜ್ಞೆಮಾಡಿ ಕೆಲವನ್ನು ಉಳಿಸಿದರೂ, ಸೈನ್ಯವು ಹಿಂದೆಗೆದು ಅರಾಜಕತೆಯುಂಟಾದಾಗ ಆ ಕೆಲವೂ ಹೋದುವು. 1919ರಲ್ಲಿ ಅಲ್ಲಿಯ ಕೊನೆಯ ಬೈಸನ್ ಕಳ್ಳಬೇಟೆಗಾರರ ಗುಂಡಿಗೆ ಬಿದ್ದಿತು. ಶತಮಾನಗಳ ರಾಜರಕ್ಷಣೆ ನಾಲ್ಕು ವರ್ಷಗಳಲ್ಲಿ ಮುಗಿದುಹೋಯಿತು. ಕಾಕಸಸ್ ಪರ್ವತದಲ್ಲಿದ್ದ ಇನ್ನೊಂದು ಪಂಗಡವೂ 1927ರಲ್ಲಿ ನಿರ್ನಾಮವಾಯಿತು.

ಆದರೂ ಇಂದು ಬೈಸನ್ ಬದುಕಿದೆ. ಹೇಗೆಂದರೆ, ಯೂರೋಪಿನ ಮೃಗಶಾಲೆಗಳಲ್ಲಿ ಶುದ್ಧವಂಶದವು ಸುಮಾರು ಐವತ್ತು ಉಳಿದಿದ್ದುವು. 1923ರಲ್ಲಿ ಹಲವು ದೇಶಗಳವರು ಸೇರಿ ಇವುಗಳ ರಕ್ಷಣೆಗೆಂದು ಒಂದು ಸಂಘವನ್ನು ಸ್ಥಾಪಿಸಿ, ಒಂದೊಂದು ಪ್ರಾಣಿಗೂ ತಂದೆತಾಯಿಗಳ ಹೆಸರು ಬರೆದ ವಂಶಾವಳಿಯ ಪುಸ್ತಕವನ್ನು ಸಿದ್ಧಪಡಿಸಿದರು. ನಾಲ್ಕು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದ ದೇಶಗಳವರು ಕಾಡುಕೋಣದ ಗೋತ್ರಪ್ರವರಗಳನ್ನು ಬರೆಯಲು ಒಂದಾಗಿ ಕುಳಿತದ್ದು ಸಣ್ಣ ಮಾತಲ್ಲ. ಇಂದಿನ ಬೈಸನ್ನುಗಳೆಲ್ಲ ಕೇವಲ ಹನ್ನೆರಡು ಪ್ರಾಣಿಗಳ ಸಂತತಿ. 1929ರಲ್ಲಿ ಅವು ಬ್ಯಾಲೊವ್ಯೇಜಕ್ಕೆ ಮರಳಿದುವು. 1952ರಲ್ಲಿ ಬೇಲಿಯಿಂದ ಹೊರಕ್ಕೆ, ಕಾಡಿಗೆ ಬಿಟ್ಟರು. ದೊರೆಯ ಕಾವಲು ಹೋದ ಕಡೆ ಲೆಕ್ಕದ ಪುಸ್ತಕ ಬಂದು ನಿಂತಿತು.

ಹಾಗಾದರೆ ದೊರೆಗಳ ಬೇಟೆಯ ಹಕ್ಕನ್ನು ಕಿತ್ತೊಗೆದ ಕಡೆ ಏನಾಯಿತು? ಫ್ರಾನ್ಸಿನ ಕ್ರಾಂತಿಯಲ್ಲಿ, 1789ನೆಯ ಆಗಸ್ಟ್ 4ರ ರಾತ್ರಿ, ಪ್ರಭುಗಳ ವಿಶೇಷ ಹಕ್ಕುಗಳು ರದ್ದಾದುವು. ಅವುಗಳಲ್ಲಿ ಬೇಟೆಯ ಹಕ್ಕೂ ಒಂದು. ಪ್ರಭುವಿನ ಮೃಗಗಳಿಂದಲೂ ಪಾರಿವಾಳಗಳಿಂದಲೂ ಬೆಳೆ ಕಳೆದುಕೊಂಡಿದ್ದ ರೈತನ ಕೋಪವು ನ್ಯಾಯವಾದದ್ದೇ. ಅವನು ಕೋವಿ ಹಿಡಿದು ಹೊರಟಾಗ ಮೃಗಗಳ ಸಂಹಾರ ನಡೆಯಿತು. ಕಡೆಗೆ 1844ರ ಕಾನೂನು ಬೇಟೆಗೆ ಪರವಾನಗಿಯನ್ನೂ ಋತುವಿನ ಮಿತಿಯನ್ನೂ ಹೇರಬೇಕಾಯಿತು. ಮೃಗಕ್ಕೆ ದೊರೆಯೊಬ್ಬನೇ ಒಡೆಯನಾದರೆ ರೈತನಿಗೆ ಕೇಡು. ಎಲ್ಲರೂ ಒಡೆಯರಾದರೆ ಮೃಗಕ್ಕೆ ಕೇಡು.

ಈ ಇಕ್ಕಟ್ಟಿಗೆ ಒಂದು ದಾರಿ ಕಂಡದ್ದು ಆಲ್ಪ್ಸ್ ಪರ್ವತದಲ್ಲಿ. ಅಲ್ಲಿಯ ಕಡಿದಾದ ಬಂಡೆಗಳ ಮೇಲೆ ‘ಐಬೆಕ್ಸ್’ ಎಂಬ ಕಾಡುಮೇಕೆ ವಾಸಿಸುತ್ತದೆ; ಹೋತದ ಕೊಂಬು ಹಿಂದಕ್ಕೆ ಬಾಗಿ ಗಂಟುಗಂಟಾಗಿ ಒಂದು ಗಜದಷ್ಟು ಬೆಳೆಯುವುದುಂಟು. ಈ ಬಡಪ್ರಾಣಿಯ ದುರದೃಷ್ಟವೆಂದರೆ ಅದರ ಮೈಯೆಲ್ಲ ಔಷಧವೆಂದು ಜನ ನಂಬಿದ್ದರು. ಕೊಂಬಿನ ಪುಡಿ, ರಕ್ತ, ಹೃದಯದಲ್ಲಿರುವ ಶಿಲುಬೆಯಾಕಾರದ ಸಣ್ಣ ಮೂಳೆ, ಎಲ್ಲಕ್ಕೂ ಗಿರಾಕಿಗಳು. ಆ ಮೂಳೆಯನ್ನು ತಾಯಿತದಂತೆ ಕಟ್ಟಿಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಆಲ್ಪ್ಸಿನಲ್ಲೆಲ್ಲ ಇವು ಅಳಿದು, ಇಟಲಿಯ ಗ್ರಾನ್ ಪರಡೀಸೊ ಪರ್ವತದ ಸುತ್ತ ಮಾತ್ರ ನೂರಕ್ಕೂ ಕಡಮೆ ಉಳಿದುವೆಂದು ಹೇಳುತ್ತಾರೆ. ಝುಮ್‌ಸ್ಟೈನ್ ಎಂಬ ಅರಣ್ಯಾಧಿಕಾರಿಯ ಪ್ರಯತ್ನದಿಂದ 1821ರಲ್ಲಿ ಅಲ್ಲಿಯ ದೊರೆ ಕಾರ್ಲೋ ಫೆಲೀಚೆಯು ಇದರ ಬೇಟೆಯನ್ನು ನಿಷೇಧಿಸಿದನು. ಅದರಿಂದ ಕಳ್ಳಬೇಟೆ ನಿಲ್ಲಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಆಮೇಲೆ ಬಂದವನು ಎರಡನೆಯ ವಿಕ್ಟರ್ ಇಮ್ಯಾನ್ಯುಯೆಲ್, ಮುಂದೆ ಇಟಲಿಗೆಲ್ಲ ಮೊದಲ ದೊರೆಯಾದವನು. ಇವನಿಗೆ ಅರಮನೆಯ ಔತಣಕ್ಕಿಂತ ಬೆಟ್ಟದ ಬೇಟೆ ಹೆಚ್ಚು ಪ್ರಿಯ. 1856ರಲ್ಲಿ ಗ್ರಾನ್ ಪರಡೀಸೊವನ್ನು ರಾಜರ ಬೇಟೆಗಾಡಾಗಿ ಮಾಡಿದನು. ಆದರೆ ಇಂಗ್ಲೆಂಡಿನ ವಿಲಿಯಮ್ಮನಂತೆ ಗೆರೆ ಎಳೆದು ಸುಮ್ಮನಾಗಲಿಲ್ಲ. ಕಣಿವೆಯ ಹಳ್ಳಿಗಳೊಡನೆ ಕರಾರುಮಾಡಿಕೊಂಡು ಅವರ ಬೇಟೆಯ ಹಕ್ಕನ್ನು ಪಡೆದನು. ಬೆಟ್ಟದ ಒಂದೊಂದು ಕೊರಕಲನ್ನೂ ಬಲ್ಲ ಕಳ್ಳಬೇಟೆಗಾರರನ್ನೇ ಕರೆದು ಸಂಬಳ ಕೊಟ್ಟು ಕಾವಲುಗಾರರನ್ನಾಗಿ ನೇಮಿಸಿದನು. ಹೇಸರಗತ್ತೆಗಳು ನಡೆಯುವ ದಾರಿಗಳನ್ನು ಎತ್ತರದ ಕಣಿವೆಗಳವರೆಗೂ ಕಟ್ಟಿಸಿದನು. ಆ ಕೂಲಿ ಹಳ್ಳಿಯವರಿಗೆ ಸಿಕ್ಕಿತು. ದೊರೆಯು ಬಂದಾಗ ನೂರಾರು ಜನಕ್ಕೆ ಮೃಗಗಳನ್ನು ಸೋವುವ ಕೆಲಸ. ಅವನು ಅವರೊಡನೆ ಅವರದೇ ಆಡುಮಾತಿನಲ್ಲಿ ಮಾತನಾಡುತ್ತಿದ್ದನಂತೆ. ಕೊಂದದ್ದೇನೂ ಕಡಮೆಯಲ್ಲ, ಸಾರ್ರೆಯ ಅರಮನೆಯ ಗೋಡೆಗಳನ್ನು ತುಂಬಿರುವ ಕೊಂಬುಗಳೇ ಸಾಕ್ಷಿ. ಆದರೂ ಮಂದೆ ಬೆಳೆಯಿತು. ಹಳ್ಳಿಯವನಿಗೆ ಸತ್ತ ಮೇಕೆಗಿಂತ ಬದುಕಿದ ಮೇಕೆಯಿಂದ ಹೆಚ್ಚು ಲಾಭವಾದದ್ದೇ ಇದರ ಗುಟ್ಟು.

ಅವನ ಮೊಮ್ಮಗ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ದೊರೆಯು ಈ ಕಾಡನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟನು. 1922ರಲ್ಲಿ ಗ್ರಾನ್ ಪರಡೀಸೊ ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿಗೆ ಕಥೆ ಸುಖಾಂತವೆಂದು ತೋರಬಹುದು, ಹಾಗಾಗಲಿಲ್ಲ. ಮುಸ್ಸೊಲೀನಿಯ ಸರಕಾರವು ಉದ್ಯಾನದ ಸ್ವತಂತ್ರ ಆಡಳಿತವನ್ನು ಕಿತ್ತುಹಾಕಿ ಅದನ್ನು ರಾಜಧಾನಿಯಿಂದ ನಡೆಸಿತು. ಹಳೆಯ ಸ್ಥಳೀಕ ಕಾವಲುಗಾರರ ಜಾಗಕ್ಕೆ ಸಮವಸ್ತ್ರದ ಅರಣ್ಯದಳ ಬಂದಿತು. ಬೆಟ್ಟವನ್ನು ಅರಿಯದವನು ಬೆಟ್ಟವನ್ನು ಕಾಯುವುದೆಂತು? ಸಾವಿರಗಟ್ಟಲೆ ಇದ್ದ ಐಬೆಕ್ಸುಗಳು ಎರಡನೆಯ ಮಹಾಯುದ್ಧವು ಮುಗಿದ 1945ರಲ್ಲಿ 419ಕ್ಕೆ ಇಳಿದಿದ್ದುವು. ಆಗ ರೆಂಝೊ ವಿಡೆಸೊಟ್ ಎಂಬ ಪಶುವೈದ್ಯರು, ಸ್ವತಃ ಪರ್ವತಾರೋಹಿಗಳು, ಉದ್ಯಾನದ ಹೊಣೆ ಹೊತ್ತರು. ಕಾವಲುಗಾರರ ಪಡೆಯನ್ನು ಮತ್ತೆ ಕಟ್ಟಿದರು. 1947ರಲ್ಲಿ ಸ್ವತಂತ್ರ ಆಡಳಿತವೂ ಮರಳಿತು. ಮಂದೆ ಚೇತರಿಸಿಕೊಂಡಿತು.

ಇದರ ನಡುವೆ ಒಂದು ಸ್ವಾರಸ್ಯವಾದ ಕಳ್ಳತನವೂ ಉಂಟು. ನೆರೆಯ ಸ್ವಿಟ್ಜರ್ಲೆಂಡಿನಲ್ಲಿ ಐಬೆಕ್ಸು ಅಳಿದುಹೋಗಿದ್ದಿತು. ಅದನ್ನು ಮತ್ತೆ ನೆಲೆಗೊಳಿಸಬೇಕೆಂದು ಅವರು 1875ರ ಬೇಟೆಯ ಕಾನೂನಿನಲ್ಲಿಯೇ ಬರೆದುಕೊಂಡಿದ್ದರು. ಇಟಲಿಯ ದೊರೆ ಕೊಡಲಿಲ್ಲ. ಕಡೆಗೆ 1906ರಿಂದ ಮೊದಲುಗೊಂಡು, ಗ್ರಾನ್ ಪರಡೀಸೊವಿನ ಕಳ್ಳಬೇಟೆಗಾರರು ರಾಜರ ಮರಿಗಳನ್ನು ಹಿಡಿದು ಗಡಿ ದಾಟಿಸಿ, ಸೇಂಟ್ ಗಾಲೆನ್ ಪಟ್ಟಣದ ಮೃಗವನಕ್ಕೆ ಮಾರಿದರು. ಆ ಮರಿಗಳ ಸಂತತಿಯನ್ನು 1911ರಲ್ಲಿ ಬೆಟ್ಟಕ್ಕೆ ಬಿಟ್ಟರು. ದೊರೆಯ ಮಂದೆಯು 1945ರಲ್ಲಿ ಕ್ಷೀಣಿಸಿದಾಗ, ಕದ್ದ ಮಂದೆ ಗಡಿಯಾಚೆ ಸುಖವಾಗಿ ಬೆಳೆಯುತ್ತಿದ್ದಿತು. ಇಂದು ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಹತ್ತಾರು ಸಾವಿರ ಐಬೆಕ್ಸುಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ ಪ್ರತಿವರ್ಷವೂ ಲೆಕ್ಕಮಾಡಿ ಇಂತಿಷ್ಟೆಂದು ಬೇಟೆಗೆ ಅನುಮತಿ ಕೊಡುತ್ತಾರೆ. ಗ್ರಾನ್ ಪರಡೀಸೊ ಉದ್ಯಾನದಲ್ಲಿ ಬೇಟೆಯೇ ಇಲ್ಲ.

ಈಗ ಯೂರೋಪಿನಲ್ಲಿ ದೊರೆಗಳ ಬದಲು ಒಪ್ಪಂದಗಳು ಮೃಗಗಳನ್ನು ಕಾಯುತ್ತಿವೆ. 1979ರಲ್ಲಿ ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ಸಹಿಯಾದ ಒಪ್ಪಂದವು, ಯಾವ ದೊರೆಯೂ ಎಂದೂ ಕಾಪಾಡದಿದ್ದ ತೋಳವನ್ನು ಕೂಡ ಕಟ್ಟುನಿಟ್ಟಾದ ರಕ್ಷಣೆಯ ಪಟ್ಟಿಗೆ ಸೇರಿಸಿತು. ತೋಳಗಳು ಇಟಲಿಯ ಬೆಟ್ಟಗಳಿಂದ ಆಲ್ಪ್ಸಿಗೂ, ಪೋಲೆಂಡಿನಿಂದ ಜರ್ಮನಿಗೂ ತಾವಾಗಿಯೇ ಹಬ್ಬಿದುವು. ಕುರಿ ಕಳೆದುಕೊಂಡ ಕುರುಬರಿಗೆ ಪರಿಹಾರದ ಹಣ ಕೊಡುತ್ತಾರೆ, ಬೇಲಿಗೂ ಕಾವಲುನಾಯಿಗೂ ಸಹಾಯಮಾಡುತ್ತಾರೆ. ಆದರೂ ರಾತ್ರಿ ಮಂದೆಯ ಬಳಿ ಮಲಗಬೇಕಾದವನು ಕುರುಬನೇ ಹೊರತು ಒಪ್ಪಂದ ಬರೆದವನಲ್ಲ. ತೋಳದ ರಕ್ಷಣೆಯನ್ನು ಒಂದು ಮೆಟ್ಟಲು ಇಳಿಸಬೇಕೆಂದು 2022ರಲ್ಲಿ ಕೇಳಿದ ದೇಶ, ಐಬೆಕ್ಸಿನ ಮರಿಗಳನ್ನು ಕದ್ದು ತರಿಸಿದ ಆ ಸ್ವಿಟ್ಜರ್ಲೆಂಡೇ. ಆಗ ಒಪ್ಪದಿದ್ದ ಸಭೆಯು 2024ರ ಡಿಸೆಂಬರಿನಲ್ಲಿ, ಯೂರೋಪಿಯನ್ ಒಕ್ಕೂಟವೇ ಕೇಳಿದಾಗ ಒಪ್ಪಿತು. 2025ರ ಮಾರ್ಚಿಯಿಂದ ಅದು ಜಾರಿಗೆ ಬಂದಿದೆ. ತೋಳವನ್ನು ಎಷ್ಟು ಕೊಲ್ಲಬಹುದು, ಯಾರು ಕೊಲ್ಲಬಹುದು ಎಂಬ ಚರ್ಚೆ ಅಲ್ಲಿಯ ಒಂದೊಂದು ರಾಜ್ಯದಲ್ಲಿಯೂ ನಡೆದಿದೆ.