ವಾಂಡಾವಿಷನ್
ಮಾರ್ವೆಲ್ ಸ್ಟುಡಿಯೋಸ್‌ನ ಒಂಬತ್ತು ಕಂತುಗಳ ಅಮೆರಿಕನ್ ಧಾರಾವಾಹಿ. ಜ್ಯಾಕ್ ಶೇಫರ್ ರೂಪಿಸಿದ, ಮ್ಯಾಟ್ ಶಾಕ್‌ಮನ್ ನಿರ್ದೇಶಿಸಿದ ಇದು 2021ರ ಜನವರಿ 15ರಿಂದ ಮಾರ್ಚ್ 5ರವರೆಗೆ ಡಿಸ್ನಿ ಪ್ಲಸ್‌ನಲ್ಲಿ ಬಂತು. ಪ್ರಿಯಕರ ವಿಷನ್‌ನ ಸಾವನ್ನು ತಾಳಲಾರದ ವಾಂಡಾ (ಎಲಿಜಬೆತ್ ಓಲ್ಸನ್) ನ್ಯೂಜೆರ್ಸಿಯ ವೆಸ್ಟ್‌ವ್ಯೂ ಎಂಬ ಕಲ್ಪಿತ ಊರಿಗೆ ಮಾಯೆ ಕವಿಸಿ, ಬಾಲ್ಯದಲ್ಲಿ ನೋಡಿದ ಹಾಸ್ಯ ಧಾರಾವಾಹಿಗಳಂಥ ಸಂಸಾರ ಹೂಡುತ್ತಾಳೆ. ‘ದಿ ಡಿಕ್ ವ್ಯಾನ್ ಡೈಕ್ ಶೋ’, ‘ಬಿವಿಚ್ಡ್’ ಮೊದಲಾದವುಗಳ ಧಾಟಿಯಲ್ಲಿ ಕಥೆ ದಶಕದಿಂದ ದಶಕಕ್ಕೆ ಸಾಗುತ್ತದೆ. ಹಳೆಯ ಧಾರಾವಾಹಿಗಳಿಗೆ ಸಲ್ಲಿಸಿದ ಈ ಗೌರವ ಬರೀ ತೋರಿಕೆಯದಲ್ಲ: ಮೊದಲ ಕಂತನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಯೇ ಚಿತ್ರಿಸಿದರು, ಕಪ್ಪು-ಬಿಳುಪಿನಲ್ಲಿ ಛಾಯೆ ಸರಿಯಾಗಿ ಮೂಡಲೆಂದು ವಿಷನ್ ಪಾತ್ರಧಾರಿ ಪಾಲ್ ಬೆಟನಿಯ ಮುಖಕ್ಕೆ ಕೆಂಪಿನ ಬದಲು ನೀಲಿ ಬಳಿದರು. ನಗೆಯ ನಡುವೆ ಇಣುಕುವ ಶೋಕವೇ ಇದರ ನಿಜವಾದ ಸಾಧನೆ. ಧಾರಾವಾಹಿಯ ‘ಅಗಾಥಾ ಆಲ್ ಅಲಾಂಗ್’ ಹಾಡಿಗೆ ಎಮ್ಮಿ ಪ್ರಶಸ್ತಿ ಸಂದಿದೆ.