ಹೋಳಿಗೆಯ ತೂಕ

ಕನ್ನಡದಲ್ಲಿ ‘ಬಡವಾಗು’ ಎಂಬ ಮಾತಿಗೆ ಎರಡು ಅರ್ಥ. ಆಸ್ತಿ ಕಳೆದುಕೊಂಡವನೂ ಬಡವಾಗುತ್ತಾನೆ, ಮೈ ಇಳಿದವಳೂ ಬಡವಾಗುತ್ತಾಳೆ. ಹಬ್ಬಕ್ಕೆಂದು ತವರಿಗೆ ಬಂದ ಮಗಳನ್ನು ‘ಯಾಕವ್ವ ಇಷ್ಟು ಬಡವಾಗಿದೀಯ?’ ಎಂದು ತಾಯಿ ಕೇಳಿದರೆ, ಆ ಪ್ರಶ್ನೆ ಬರೀ ಮೈಯ ಬಗ್ಗೆ ಅಲ್ಲ. ಗಂಡನ ಮನೆಯ ಕಣಜ, ಅತ್ತೆಯ ಕೈ, ಆ ವರ್ಷದ ಮಳೆ ಎಲ್ಲವೂ ಆ ಒಂದು ಮಾತಿನೊಳಗಿವೆ. ‘ಮೈಕೈ ತುಂಬಿಕೊಂಡಿದಾಳೆ’ ಎಂಬುದು ಹೊಗಳಿಕೆ. ‘ಸೊರಗಿದಾಳೆ’ ಎಂಬುದು ದೂರು. ತೂಕ ಹೆಚ್ಚಾದರೆ ಚಿಂತೆ ಮಾಡಬೇಕು ಎಂಬ ಮಾತು ಈ ಭಾಷೆಗೆ ತೀರಾ ಹೊಸದು.

ಬಯಲುಸೀಮೆಯ ಆಹಾರ ಮತ್ತು ಬರಗಾಲದ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಹಿರಿಯರ ಜೊತೆ ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಯುಗಾದಿ, ಗೌರಿ ಹಬ್ಬ, ದೀಪಾವಳಿ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಹಬ್ಬದಲ್ಲಿ ತೂಕ ಏರದಂತೆ ತಿನ್ನುವುದು ಹೇಗೆ’ ಎಂಬ ಲೇಖನಗಳು ಬರುತ್ತವೆ. ಹೋಳಿಗೆ ಒಂದೇ ತಿನ್ನಿ, ತುಪ್ಪ ಬಿಡಿ, ನಡೆಯಿರಿ. ಸಲಹೆಗಳು ತಪ್ಪಲ್ಲ. ಆದರೆ ಅವು ಹಬ್ಬವನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತವೆ. ನಮ್ಮ ಜಿಲ್ಲೆಯ ಚರಿತ್ರೆಯನ್ನು ನೋಡಿದರೆ ಅಪರಾಧಿ ಹಬ್ಬವಲ್ಲ, ಉಳಿದ ದಿನಗಳು ಎಂದು ನನಗೆ ಅನ್ನಿಸುತ್ತದೆ.

ಮೊದಲು ತೂಕದ ವಿಚಾರ. ದೇಹವನ್ನು ತಕ್ಕಡಿಯಲ್ಲಿಡುವುದು ನಮಗೆ ಹೊಸದೇನಲ್ಲ. ವಿಜಯನಗರದ ಅರಸರು ತುಲಾಪುರುಷ ದಾನ ಮಾಡುತ್ತಿದ್ದರು. ಹಂಪಿಯಲ್ಲಿ ತುಲಾಭಾರದ ಕಲ್ಲಿನ ಕಮಾನು ಈಗಲೂ ನಿಂತಿದೆ. ಅಲ್ಲಿ ಮೈ ಭಾರವಾದಷ್ಟೂ ದಾನ ಹೆಚ್ಚು, ಪುಣ್ಯವೂ ಹೆಚ್ಚು. ಹರಕೆ ಹೊತ್ತವರು ಮಗುವಿನ ತೂಕಕ್ಕೆ ಬೆಲ್ಲವನ್ನೋ ಅಕ್ಕಿಯನ್ನೋ ದೇವರಿಗೆ ಒಪ್ಪಿಸುವ ಪದ್ಧತಿಯೂ ಉಳಿದಿದೆ. ಎತ್ತರಕ್ಕೂ ತೂಕಕ್ಕೂ ಸಂಬಂಧ ಹಚ್ಚಿ ‘ಇಷ್ಟಿದ್ದರೆ ಸರಿ, ಇಷ್ಟಾದರೆ ಹೆಚ್ಚು’ ಎನ್ನುವ ಲೆಕ್ಕ ಹತ್ತೊಂಬತ್ತನೆಯ ಶತಮಾನದ್ದು. ಅದರ ಮೂಲ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ.

ಆಡಳಿತವು ನಮ್ಮ ಭಾಗದ ದೇಹಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕೊಬ್ಬಿನ ಕಾರಣಕ್ಕಲ್ಲ, ಹಸಿವಿನ ಕಾರಣಕ್ಕೆ. 1876ರಿಂದ 1878ರವರೆಗಿನ ಮಹಾಬರವನ್ನು ಜನ ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರ ಎಂದು ಕರೆದರು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರದ ಗಣತಿಯಲ್ಲಿ ಅದು 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆ 8 ಲಕ್ಷಕ್ಕೂ ಹೆಚ್ಚು ಕುಸಿದಿತ್ತು. ಒಣಭೂಮಿಯ ಚಿತ್ರದುರ್ಗ ಸೀಮೆ ಅದರ ಏಟನ್ನು ಚೆನ್ನಾಗಿಯೇ ತಿಂದಿತು. ಇದೇ ಬರದಲ್ಲಿ ಪಕ್ಕದ ಮದ್ರಾಸ್ ಪ್ರಾಂತ್ಯಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಕಲ್ಲು ಒಡೆಯುವ, ಮಣ್ಣು ಹೊರುವ ದೇಹಕ್ಕೆ ಇದು ಸಾಲದು ಎಂದು ಸ್ಯಾನಿಟರಿ ಕಮಿಷನರ್ ಡಾ. ವಿಲಿಯಂ ಕಾರ್ನಿಷ್ ಪಟ್ಟು ಹಿಡಿದು ವಿರೋಧಿಸಿದರು. ಮನುಷ್ಯ ಬದುಕಿರಲು ಕನಿಷ್ಠ ಎಷ್ಟು ಊಟ ಬೇಕು ಎಂಬ ಚರ್ಚೆ ಕಡತಗಳಿಗೆ ಬಂದದ್ದು ಹೀಗೆ, ಹಸಿದವರ ಬೆನ್ನ ಮೇಲೆ.

ಈ ನೆನಪನ್ನು ಬಿಟ್ಟು ನಮ್ಮ ಹಬ್ಬದ ಊಟ ಅರ್ಥವಾಗುವುದಿಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರು ಏಳು ಸುತ್ತು, ಓಬವ್ವನ ಕಿಂಡಿ ನೋಡಿ ಇಳಿಯುತ್ತಾರೆ. ಅದೇ ಬೆಟ್ಟದಲ್ಲಿ ಕಣಜಗಳೂ ಎಣ್ಣೆ, ತುಪ್ಪ ಶೇಖರಿಸುವ ಕೊಳಗಳೂ ಇವೆ. ಮುತ್ತಿಗೆಯನ್ನು ತಾಳಿಕೊಳ್ಳಲು ಕೋಟೆಗೆ ಕಲ್ಲಿನಷ್ಟೇ ಕಾಳೂ ಬೇಕಿತ್ತು. ಓಬವ್ವನ ಕೈಗೆ ಸಿಕ್ಕಿದ್ದು ಕೂಡ ಕತ್ತಿಯಲ್ಲ, ಧಾನ್ಯ ಕುಟ್ಟುವ ಒನಕೆ. ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರ ಚಿಂತೆ ಒಂದೇ: ಮುಂದಿನ ಮಳೆಯವರೆಗೆ ಕಾಳು ಸಾಕಾಗುವುದೇ?

ಹಿರಿಯೂರು, ಚಳ್ಳಕೆರೆ ಕಡೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಒಳ್ಳೆಯ ವರ್ಷ. ಅಂಥ ನೆಲದ ದಿನನಿತ್ಯದ ಊಟ ರಾಗಿ ಮುದ್ದೆ, ಸಜ್ಜೆ ರೊಟ್ಟಿ, ನವಣೆ ಅನ್ನ, ಸಾವೆ ಅನ್ನ, ಹುರುಳಿ ಸಾರು, ಅವರೆ, ಅಲಸಂದೆ, ಹೊಲದ ಬದುವಿನ ಸೊಪ್ಪು. ನೆಲ್ಲಕ್ಕಿ ಅನ್ನ ಎಂದರೆ ಹಬ್ಬ, ಇಲ್ಲವೇ ನೆಂಟರು, ಇಲ್ಲವೇ ಕಾಯಿಲೆ. ನಮ್ಮ ಅಜ್ಜಿಯ ಕಾಲಮಾಪನವೇ ಹಾಗಿತ್ತು. ‘ಆಗ ಅಕ್ಕಿ ಅನ್ನ ಉಂಡಿದ್ವಿ’ ಎಂದರೆ ಅದು ಮದುವೆಯದೋ ಹಬ್ಬದ್ದೋ ದಿನ ಎಂದು ಕೇಳುವವರಿಗೆ ತಿಳಿಯುತ್ತಿತ್ತು. ಬೆಲ್ಲವೂ ಅಷ್ಟೇ. ಕಬ್ಬಿಗೆ ನೀರು ಬೇಕು. ನೀರೇ ಇಲ್ಲದ ಊರಲ್ಲಿ ಸಿಹಿ ಎಂಬುದು ಸಂತೆಯಿಂದ ಬರಬೇಕಾದ ವಸ್ತು.

ಈಗ ಹೋಳಿಗೆಯನ್ನು ನೋಡಿ. ಕಡಲೆಬೇಳೆ ಬೇಯಿಸಿ, ನೀರು ಬಸಿದು, ಬೆಲ್ಲ ಹಾಕಿ, ಒಳಕಲ್ಲಲ್ಲಿ ರುಬ್ಬಿದರೆ ಹೂರಣ. ಬಸಿದ ಕಟ್ಟು ಚೆಲ್ಲುವಂತಿಲ್ಲ. ಅದಕ್ಕೆ ಒಂದಿಷ್ಟು ಹೂರಣ, ಹುಣಸೆಹುಳಿ, ಖಾರ ಸೇರಿದರೆ ಹೋಳಿಗೆ ಸಾರು. ಒಂದು ಹನಿಯೂ ಹಾಳಾಗದ ಅಡುಗೆ ಇದು. ಐಶ್ವರ್ಯದ ಊಟದಂತೆ ಕಾಣುವ ಹೋಳಿಗೆಯ ಒಳಗೆ ಬರಗಾಲದ ಜಾಣ್ಮೆ ಇದೆ. ಅದನ್ನು ಮಾಡಲು ಹಿಂದಿನ ದಿನವೇ ಕಾಳು ಕೇರಿ, ಹಿಟ್ಟು ಬೀಸಿ, ಬೆಳಗಿನಿಂದ ರುಬ್ಬಿ, ಒಲೆಯ ಮುಂದೆ ತಟ್ಟಿದ ಹೆಂಗಸು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದಳು. ಅವಳ ಪಾಲಿನ ಎರಡು ಹೋಳಿಗೆ ಅವಳ ರಟ್ಟೆಯ ಕೆಲಸದಲ್ಲೇ ಕರಗಿಹೋಗಿರುತ್ತಿತ್ತು. ಒಳಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂದದ್ದು ಅವಳಿಗೆ ಸಿಕ್ಕ ದೊಡ್ಡ ಬಿಡುಗಡೆ. ಆ ಕಷ್ಟ ಮರಳಿ ಬರಲಿ ಎಂದು ಯಾರೂ ಬಯಸಬಾರದು. ಆದರೆ ದುಡಿಮೆ ಕಡಿಮೆಯಾದಾಗ ಊಟದ ಲೆಕ್ಕವೂ ಬದಲಾಗಬೇಕಿತ್ತು. ಅದು ಬದಲಾಗಲಿಲ್ಲ.

ಪಂಚಾಂಗವನ್ನೂ ಇದೇ ಕಣ್ಣಿನಿಂದ ಓದಬಹುದು. ಶ್ರಾವಣದಲ್ಲಿ ಸೋಮವಾರ, ಶನಿವಾರಗಳ ಒಪ್ಪತ್ತು, ಏಕಾದಶಿ, ಶಿವರಾತ್ರಿಯ ಉಪವಾಸ. ಇವುಗಳ ನಡುವೆ ಪಂಚಮಿಯ ತಂಬಿಟ್ಟು, ಗಣಪತಿಯ ಕಡುಬು, ದೀಪಾವಳಿಯ ಕಜ್ಜಾಯ, ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಹೋಳಿಗೆ, ಮರುದಿನ ವರ್ಷತೊಡಕಿನ ಬಾಡೂಟ. ಉಣ್ಣುವ ದಿನವೂ ಬಿಡುವ ದಿನವೂ ಒಂದರ ಬೆನ್ನಿಗೆ ಒಂದು. ಒಪ್ಪತ್ತು ಎಂದರೆ ಒಂದೇ ಹೊತ್ತು ಊಟ. ಇವತ್ತಿನ ಉಪವಾಸದಲ್ಲಿ ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ರಸಾಯನ, ಉಪ್ಪಿಟ್ಟು ಎಲ್ಲಾ ಸೇರಿ ಹಬ್ಬದ ಊಟವನ್ನೇ ಮೀರಿಸುತ್ತವೆ. ಬಿಡುವ ದಿನಗಳು ಹೆಸರಿಗೆ ಮಾತ್ರ ಉಳಿದು, ಉಣ್ಣುವ ದಿನಗಳು ಹೆಚ್ಚುತ್ತಾ ಹೋದವು.

ಈ ಬದಲಾವಣೆಗೆ ತಾರೀಖುಗಳಿವೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆ ಏಳತೊಡಗಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ವಾಣಿವಿಲಾಸ ಸಾಗರದ ನಾಲೆ ಹರಿದ ಕಡೆ ಭತ್ತ, ಕಬ್ಬು, ತೆಂಗು ಬಂದವು. ಹಿರಿಯೂರಿನಲ್ಲಿ ಸಕ್ಕರೆ ಕಾರ್ಖಾನೆ ಬಂತು, ಮುಚ್ಚಿಯೂ ಹೋಯಿತು. ಆದರೆ ಸಕ್ಕರೆಯ ರುಚಿ ಮುಚ್ಚಲಿಲ್ಲ. ಚಳ್ಳಕೆರೆಯ ಗಾಣಗಳಿಂದ ಶೇಂಗಾ ಎಣ್ಣೆ ಹರಿದು ಬಂತು. ಕರಿಯುವುದು ಹಬ್ಬದ ಕೆಲಸವಾಗಿದ್ದದ್ದು ಸಂಜೆಯ ಕೆಲಸವಾಯಿತು. ಅರೆಮಲೆನಾಡು ಎನಿಸಿಕೊಳ್ಳುವ ಹೊಳಲ್ಕೆರೆಯಲ್ಲಿ ಅಡಿಕೆ ತೋಟಗಳು ಹಬ್ಬಿದವು, ಕೈಗೆ ಕಾಸು ಬಂತು. ನ್ಯಾಯಬೆಲೆ ಅಂಗಡಿಯ ಅಕ್ಕಿ, 2013ರ ಅನ್ನಭಾಗ್ಯ ಬಂದ ಮೇಲೆ ಅನ್ನ ಎಲ್ಲರ ಮನೆಯ ದಿನದ ಊಟವಾಯಿತು. ಇದನ್ನು ಹೀಯಾಳಿಸುವವರ ಜೊತೆ ನಾನಿಲ್ಲ. ಕೂಲಿ ಸಿಗದ ದಿನ ಖಾಲಿ ಹೊಟ್ಟೆಯಲ್ಲಿ ಮಲಗಿದವರಿಗೆ ಅಕ್ಕಿ ಮೂಟೆಯ ಬೆಲೆ ಗೊತ್ತು. ಆದರೆ ನೂರು ವರ್ಷಗಳಲ್ಲಿ ಹಬ್ಬದ ಅಕ್ಕಿ, ಹಬ್ಬದ ಎಣ್ಣೆ, ಹಬ್ಬದ ಸಿಹಿ ಮೂರೂ ದಿನನಿತ್ಯದವಾದವು ಎಂಬುದನ್ನು ಗುರುತಿಸಬೇಕು. ಸಾವೆ, ನವಣೆಯ ಹೊಲಗಳಿಗೆ ಮೆಕ್ಕೆಜೋಳ ಬಂತು. ಸಿರಿಧಾನ್ಯವನ್ನು ಇನ್ನೂ ಕೈಬಿಡದ ಹೊಸದುರ್ಗದಲ್ಲೇ ಸಾವೆ ಬೆಳೆದವರು ಅದನ್ನು ಮಾರಿ ಅಕ್ಕಿ ಉಣ್ಣುವುದನ್ನು ಕಂಡಿದ್ದೇನೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದಾಗ ಅದೇ ಸಾವೆ ನಗರದ ಅಂಗಡಿಗಳಲ್ಲಿ ಚೆಂದದ ಪೊಟ್ಟಣದಲ್ಲಿ ಕೂತಿತ್ತು.

ಇನ್ನೊಂದು ಬದಲಾವಣೆ ಹಂಚಿಕೆಯದು. ಹಿಂದೆ ಹೋಳಿಗೆ ಹೆಡಿಗೆ ತುಂಬ ಆಗುತ್ತಿದ್ದದ್ದು ಮನೆಯವರೇ ತಿನ್ನಲಿ ಎಂದಲ್ಲ. ಅಕ್ಕಪಕ್ಕದವರಿಗೆ, ಬೀಗರಿಗೆ, ಮಡಿವಾಳರು, ಕ್ಷೌರಿಕರು, ತಳವಾರರಂಥ ಆಯಗಾರರಿಗೆ, ಆಳುಗಳಿಗೆ ಪಾಲು ಹೋಗಬೇಕಿತ್ತು. ಇದರಲ್ಲಿ ಪ್ರೀತಿಯಷ್ಟೇ ಅವಮಾನವೂ ಇತ್ತು. ಕೇರಿಯ ಜನ ಹಬ್ಬದ ದಿನ ದೊಡ್ಡವರ ಮನೆಯ ಹಿತ್ತಲಲ್ಲಿ ಪಾತ್ರೆ ಹಿಡಿದು ನಿಂತದ್ದನ್ನು ‘ಹಂಚಿ ತಿನ್ನುವ ಸಂಸ್ಕೃತಿ’ ಎಂದು ಕೊಂಡಾಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಆ ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಸಮಾನರಾಗಿ ಕೂತು ಹಂಚಿಕೊಳ್ಳುವ ಹೊಸ ಪದ್ಧತಿ ಬರಲಿಲ್ಲ. ಈಗ ನಾಲ್ಕು ಜನರ ಮನೆಯಲ್ಲೂ ಹದಿನೈದು ಜನರ ಅಳತೆಯಲ್ಲೇ ಹೋಳಿಗೆ ಬೇಯುತ್ತದೆ. ಉಳಿದದ್ದು ಫ್ರಿಜ್ಜಿಗೆ, ಅಲ್ಲಿಂದ ಮೂರು ದಿನ ತಟ್ಟೆಗೆ. ಒಂದು ದಿನದ ಹಬ್ಬ ಹೊಟ್ಟೆಯ ಪಾಲಿಗೆ ನಾಲ್ಕು ದಿನದ್ದಾಗುತ್ತದೆ.

ಈ ಲೆಕ್ಕದ ಫಲ ಅಂಕಿಗಳಲ್ಲಿ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ, ವಯಸ್ಕರಲ್ಲಿ ಹೊಟ್ಟೆಯ ಬೊಜ್ಜು ಇರುವವರು ಶೇ. 39.5. ಅಂದರೆ ಹತ್ತರಲ್ಲಿ ನಾಲ್ವರು. ಕಡಿಮೆ ತೂಕದಲ್ಲೇ ನಮ್ಮವರಿಗೆ ಈ ಕಾಯಿಲೆಗಳು ಬರುತ್ತವೆ ಎಂಬ ಕಾರಣಕ್ಕೆ ವೈದ್ಯರು ಬಾಡಿ ಮಾಸ್ ಇಂಡೆಕ್ಸ್ 23 ದಾಟಿದರೆ ಎಚ್ಚರ ಎನ್ನುತ್ತಾರೆ. ಯುರೋಪಿನವರಿಗೆ ಆ ಗಡಿ 25. ಹಬ್ಬದ ಪಾತ್ರದ ಬಗ್ಗೆ 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಕುತೂಹಲಕರ. 195 ವಯಸ್ಕರನ್ನು ಅಲ್ಲಿನ ವರ್ಷಾಂತ್ಯದ ಹಬ್ಬಗಳ ಹಿಂದೆ ಮುಂದೆ ತೂಗಿದಾಗ ಏರಿದ್ದು ಸರಾಸರಿ 0.37 ಕಿಲೋ ಮಾತ್ರ. ಜನ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ. ಅಂದರೆ ತೊಂದರೆ ಇರುವುದು ಏರುವುದರಲ್ಲಿ ಅಷ್ಟಲ್ಲ, ಇಳಿಯದಿರುವುದರಲ್ಲಿ. ನಮ್ಮ ಹಿರಿಯರ ಮೈಯಲ್ಲಿ ಹಬ್ಬದ ಹೋಳಿಗೆಯನ್ನು ಇಳಿಸಲು ಹೊಲ, ಒನಕೆ, ಒಪ್ಪತ್ತು, ರಾಗಿ ಎಲ್ಲಾ ಕಾದು ನಿಂತಿದ್ದವು. ನಮ್ಮಲ್ಲಿ ಕಾದಿರುವುದು ಮರುದಿನದ ಪೂರಿ.

ಹಾಗಾದರೆ ಹಬ್ಬದಲ್ಲಿ ಏನು ಮಾಡಬೇಕು? ಚರಿತ್ರೆಯ ವಿದ್ಯಾರ್ಥಿ ವೈದ್ಯನಲ್ಲ. ಸಕ್ಕರೆ, ಬಿಪಿ ಇದ್ದವರು ತಮ್ಮ ವೈದ್ಯರ ಮಾತನ್ನೇ ಕೇಳಬೇಕು. ಆದರೆ ನಮ್ಮ ನೆಲದ ಪದ್ಧತಿಯಲ್ಲೇ ಕೆಲವು ದಾರಿಗಳಿವೆ. ಶರಣ ಸಂಪ್ರದಾಯದ ಮನೆಗಳಲ್ಲಿ ಪ್ರಸಾದವನ್ನು ಚೆಲ್ಲುವಂತಿಲ್ಲ, ತಟ್ಟೆಯನ್ನೂ ತೊಳೆದು ಕುಡಿಯುವ ರೂಢಿ ಇತ್ತು. ಬಿಡಬಾರದು ಎಂಬ ನಿಯಮದ ಇನ್ನೊಂದು ಮುಖ, ಹೆಚ್ಚು ಬಡಿಸಿಕೊಳ್ಳಬಾರದು ಎಂಬುದು. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮರೆತೆವು. ಕೋಸಂಬರಿ, ಪಲ್ಯ, ಹೋಳಿಗೆ ಸಾರು ಎಲೆಗೆ ಮೊದಲು ಬಂದರೆ ಹೋಳಿಗೆಗೆ ಹೊಟ್ಟೆಯಲ್ಲಿ ಅಷ್ಟೇ ಜಾಗ ಉಳಿಯುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲರಿ ಇದೆ. ತುಪ್ಪ ಬೇಕು, ಸುರಿಯುವುದು ಬೇಡ. ಅಳತೆ ಕಡಿಮೆ ಮಾಡಿ, ಇಲ್ಲವೇ ಮಾಡಿದ್ದನ್ನು ಅಂದೇ ಜೊತೆಗೆ ಕೂತು ಉಂಡು ಮುಗಿಸಿ. ಮರುದಿನ ಮುದ್ದೆ, ಸೊಪ್ಪಿನ ಸಾರಿಗೆ ಮರಳಿ.

ಕೊನೆಯದಾಗಿ ಬಲವಂತದ ಮಾತು. ‘ಇನ್ನೊಂದು ಹಾಕ್ಸ್ಕೊ, ಏನೂ ಆಗಲ್ಲ’ ಎನ್ನುವ ಕೈಯನ್ನು ತಡೆಯುವುದು ನಮ್ಮ ಕಡೆ ಎಲ್ಲಕ್ಕಿಂತ ಕಷ್ಟ. ಬೇಡ ಎಂದರೆ ಮುಖ ಸಣ್ಣದಾಗುತ್ತದೆ. ಆ ಕೈಯ ಹಿಂದೆ ಹಟವಿಲ್ಲ, ಹಸಿವಿನ ನೆನಪಿದೆ. ಬಡಿಸುವವರು ನಮ್ಮನ್ನು ಬಡವಾಗದಂತೆ ಕಾಯುತ್ತಿದ್ದಾರೆ. ಇದು ಅರ್ಥವಾದರೆ ಸಿಟ್ಟಾಗದೆ, ಅಣಕಿಸದೆ ‘ಸಾಕಜ್ಜಿ, ಹೊಟ್ಟೆ ತುಂಬೈತೆ’ ಎನ್ನಬಹುದು. ಎಷ್ಟೋ ತಲೆಮಾರು ಈ ಸೀಮೆಯಲ್ಲಿ ಹಬ್ಬದ ದಿನ ಮಾತ್ರ ನಿಜವಾಗಿ ಹೇಳಲು ಸಾಧ್ಯವಾಗಿದ್ದ ಮಾತು ಅದು. ನಾವು ಅದನ್ನು ಯಾವ ದಿನ ಬೇಕಾದರೂ ಹೇಳಬಹುದು. ಹೇಳುವುದನ್ನು ಕಲಿಯಬೇಕು ಅಷ್ಟೇ.