ಒಂದೇ ಕೈ, ಎರಡು ವರದಿ

ಮೈದಾವೋಲು ನರಸಿಂಹಂ 1950ರಲ್ಲಿ ಸಂಶೋಧನಾ ಅಧಿಕಾರಿಯಾಗಿ ರಿಸರ್ವ್ ಬ್ಯಾಂಕು ಸೇರಿದವರು. ಆ ಬ್ಯಾಂಕಿನ ಒಳಗಿನ ನೌಕರಿಯಿಂದಲೇ ಮೇಲೇರಿ ಗವರ್ನರ್ ಆದ ಮೊದಲಿಗರು. 1977ರಲ್ಲಿ ಆ ಕುರ್ಚಿಯ ಮೇಲೆ ಕೂತದ್ದು ಏಳೇ ತಿಂಗಳು. ನಮ್ಮ ಕೇರಿಗಳ ಲೆಕ್ಕ ಇರೋದು ಆ ಏಳು ತಿಂಗಳಲ್ಲಿ ಅಲ್ಲ, ಅವರ ಎರಡು ವರದಿಗಳಲ್ಲಿ.

ಮೊದಲನೆಯದು 1975ರದು. 1969ರಲ್ಲೇ 14 ಬ್ಯಾಂಕುಗಳು ರಾಷ್ಟ್ರೀಕರಣ ಆಗಿದ್ದವು. ಆದರೂ ಕೂಲಿಯವನಿಗೆ ಸಾವ್ಕಾರನ ಜಗಲಿಯೇ ಬ್ಯಾಂಕು. ಅಪ್ಪ ಹೆಬ್ಬೆಟ್ಟು ಒತ್ತಿದರೆ ಮಗ ಜೀತಕ್ಕೆ. ಹಳ್ಳಿಯನ್ನು ಬಲ್ಲವರು ನಡೆಸುವ, ಖರ್ಚು ಕಡಿಮೆಯ ಬ್ಯಾಂಕು ಬೇಕು ಎಂದಿತು ನರಸಿಂಹಂ ಸಮಿತಿ. ಅದೇ ಅಕ್ಟೋಬರ್ 2ರಂದು ಐದು ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಮೊದಲನೆಯದಾದ ಮೊರಾದಾಬಾದಿನ ಪ್ರಥಮಾ ಬ್ಯಾಂಕಿಗೆ ಬೆನ್ನಾಗಿ ನಿಂತದ್ದು ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕು. ಬಂಡವಾಳದಲ್ಲಿ ಕೇಂದ್ರದ್ದು ಶೇಕಡಾ 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35. ಸಾಲ ಸಣ್ಣ ರೈತರಿಗೆ, ಕೂಲಿಗಳಿಗೆ, ಕುಶಲಕರ್ಮಿಗಳಿಗೆ.

ಇಲ್ಲಿ ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದಿತು. ಹಳೇ ಸಾಲ ಹೋಯಿತು ಸರಿ, ಮುಂದಿನ ಸಾಲಕ್ಕೆ ಯಾರ ಬಾಗಿಲು ತಟ್ಟೋದು? ಗ್ರಾಮೀಣ ಬ್ಯಾಂಕು ಅದಕ್ಕೆ ಅರ್ಧ ಉತ್ತರ. ಪಹಣಿ ಇಲ್ಲದವನಿಗೆ ಜಾಮೀನು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

ಎರಡನೆಯ ವರದಿ 1991ರದು. ದೇಶ ಚಿನ್ನ ಅಡವಿಟ್ಟ ವರ್ಷ ಅದು. ಆದ್ಯತಾ ವಲಯದ ಸಾಲವನ್ನು ಶೇಕಡಾ 40ರಿಂದ 10ಕ್ಕೆ ಇಳಿಸಿ ಎಂದಿತು ಅದೇ ನರಸಿಂಹಂ ನೇತೃತ್ವದ ಸಮಿತಿ. ಹೇಳಿ ಕೊಡಿಸಿದ ಸಾಲದಿಂದ ಬ್ಯಾಂಕುಗಳು ಕೆಟ್ಟವು ಎಂಬುದು ಅದರ ವಾದ. ಇದು ಪೂರ್ತಿ ಸುಳ್ಳಲ್ಲ. ಸಾಲ ಮೇಳಗಳಲ್ಲಿ ದಲ್ಲಾಳಿಗಳು ತಿಂದದ್ದನ್ನು ನಾವು ಬಲ್ಲೆವು. ಆದರೆ ತಿಂದವರು ಅವರು, ಬಾಗಿಲು ಮುಚ್ಚಬೇಕಾದ್ದು ನಮಗೋ?

ಸರ್ಕಾರ ಶೇಕಡಾ 40ನ್ನು ಇಳಿಸಲಿಲ್ಲ, ಅದರೊಳಗೆ ಯಾರು ಬರಬಹುದು ಎಂಬುದನ್ನು ಹಿಗ್ಗಿಸುತ್ತ ಹೋಯಿತು. ತೊಂಬತ್ತರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಹಳ್ಳಿಯ ಶಾಖೆಗಳೂ ಕಡಿಮೆಯಾದವು. ಕೊನೆಗೆ ಬ್ಯಾಂಕು ಕೆಡಿಸಿದವರು ಯಾರು? 2018ರ ಮಾರ್ಚಿನಲ್ಲಿ ಬ್ಯಾಂಕುಗಳ ಕೆಟ್ಟ ಸಾಲದಲ್ಲಿ ಸುಮಾರು ಶೇಕಡಾ 85, ತಲಾ 5 ಕೋಟಿ ಮತ್ತು ಅದಕ್ಕೂ ಮೇಲೆ ಎತ್ತಿದ ದೊಡ್ಡವರದು. ಎಮ್ಮೆ ಸಾಲದವಳದಲ್ಲ.

ನರಸಿಂಹಂ 2021ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಬ್ಯಾಂಕಿಂಗ್ ಸುಧಾರಣೆಯ ಪಿತಾಮಹ ಎಂದು ಅವರನ್ನು ಹೊಗಳುವಾಗ ನೆನೆಯುವುದು 1991ನ್ನು. ನಾವು 1975ನ್ನೂ ನೆನೆಯುತ್ತೇವೆ. ಮನುಷ್ಯ ಜಾಣ, ಪ್ರಾಮಾಣಿಕ ಎಂದರೆ ನಮ್ಮ ತಕರಾರಿಲ್ಲ. ಆದರೆ ಆಳುವವರು ಕೇಳಿದ ಪ್ರಶ್ನೆ ಬದಲಾದರೆ ಜಾಣರ ಉತ್ತರವೂ ಬದಲಾಗುತ್ತದೆ. ಮೇಷ್ಟ್ರುಗಳೇ, ಗೆಳೆಯರೇ, ಇನ್ನು ಪ್ರಶ್ನೆ ಕೇರಿಯಿಂದ ಹೋಗಲಿ: ನಿಮ್ಮೂರ ಶಾಖೆಯಲ್ಲಿ ಕಳೆದ ವರ್ಷ ಭೂಮಿ ಇಲ್ಲದ ಎಷ್ಟು ಜನಕ್ಕೆ ಸಾಲ ಸಿಕ್ಕಿದೆ? ಹೋಗಿ ಕೇಳಿ.